ಟರ್ಬೈನ್ ಎದುರಾದಾಗ ಮೀನು ಏನು ಮಾಡುತ್ತದೆ?

ಉಬ್ಬರವಿಳಿತದಿಂದ ಕರೆಂಟ್ ತೆಗೆಯುವ ಮಾತು ಬಂದಾಗಲೆಲ್ಲ ಮೊದಲ ಪ್ರಶ್ನೆ ಒಂದೇ: ನೀರಿನ ರಭಸಕ್ಕೆ ತಿರುಗುವ ಟರ್ಬೈನಿನ ರೆಕ್ಕೆಗೆ ಸಿಕ್ಕಿ ಮೀನು ಸಾಯುವುದಿಲ್ವಾ? ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಮುಂದೆ ಬರುತ್ತದೆ. ಆದರೆ ಅಷ್ಟಕ್ಕೇ ನಿಂತುಬಿಟ್ಟರೆ ಮುಖ್ಯವಾದದ್ದು ಕೈತಪ್ಪುತ್ತದೆ. ಮೀನು ನೀರಿನ ಜೊತೆ ಸುಮ್ನೆ ತೇಲಿ ಬಂದು ರೆಕ್ಕೆಗೆ ಬಡಿಯುವ ಕಟ್ಟಿಗೆಯ ತುಂಡಲ್ಲ. ಅದಕ್ಕೆ ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ, ನೀರಿನ ಸಣ್ಣ ಅಲುಗಾಟವೂ ಮೈಗೆ ತಿಳಿಯುತ್ತದೆ. ಟರ್ಬೈನ್ ಎದುರಾದಾಗ ಅದು ಏನೋ ಒಂದು ಮಾಡುತ್ತದೆ. ಪಕ್ಕಕ್ಕೆ ಸರಿಯಬಹುದು, ಮೇಲೇರಬಹುದು, ಬಂದ ದಾರಿಗೇ ತಿರುಗಬಹುದು, ಕೆಲವೊಮ್ಮೆ ಆ ಯಂತ್ರದ ಮರೆಯಲ್ಲೇ ಬೀಡುಬಿಡಬಹುದು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಬರುವ ಜಾಗದಲ್ಲಿ ಇದೇ ವರ್ಷವಿಡೀ ನಡೆದರೆ ಅಲ್ಲಿಯ ಮೀನುಗಳ ಬದುಕು ಹೇಗೆ ಬದಲಾಗುತ್ತದೆ? ಇವತ್ತು ನಾನು ಮಾತಾಡಬೇಕೆಂದಿರುವುದು ಅದರ ಬಗ್ಗೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಉಬ್ಬರವಿಳಿತದ ವಿದ್ಯುತ್ ಅಂದರೆ ಎರಡು ಬೇರೆ ಬೇರೆ ಸಂಗತಿಗಳು. ಒಂದು, ಅಳಿವೆಗೆ ಅಡ್ಡಲಾಗಿ ಒಡ್ಡು ಕಟ್ಟುವುದು. ಉಬ್ಬರದ ನೀರನ್ನು ಒಳಗೆ ಹಿಡಿದಿಟ್ಟು, ಆಮೇಲೆ ಟರ್ಬೈನ್ ಮೂಲಕ ಬಿಡುವುದು. ಇನ್ನೊಂದು, ಒಡ್ಡಿಲ್ಲದೆ ಸೆಳವು ಜೋರಾಗಿರುವ ಕಡೆ ಸಮುದ್ರದೊಳಗೇ ಟರ್ಬೈನ್ ನಿಲ್ಲಿಸುವುದು. ಮೀನಿನ ಕಡೆಯಿಂದ ನೋಡಿದರೆ ಇವೆರಡಕ್ಕೂ ಅಜಗಜಾಂತರ. ಒಡ್ಡು ಇದ್ದಲ್ಲಿ ದಾರಿಯೇ ಮುಚ್ಚಿರುತ್ತದೆ, ಮೀನು ಟರ್ಬೈನಿನೊಳಗೋ ಗೇಟಿನೊಳಗೋ ತೂರಿಯೇ ಹೋಗಬೇಕು. ತೆರೆದ ಸೆಳವಿನಲ್ಲಿ ಸುತ್ತ, ಮೇಲೆ, ಕೆಳಗೆ ಎಲ್ಲ ಕಡೆ ನೀರಿದೆ, ತಪ್ಪಿಸಿಕೊಳ್ಳಲು ಜಾಗವಿದೆ. ಒಂದರ ಸಾವುನೋವನ್ನು ತೋರಿಸಿ ಇನ್ನೊಂದನ್ನು ಬೈಯುವುದು, ಒಂದರ ಒಳ್ಳೆಯ ಫಲಿತಾಂಶ ತೋರಿಸಿ ಇನ್ನೊಂದಕ್ಕೆ ಅನುಮತಿ ಕೇಳುವುದು, ಎರಡೂ ನಡೆಯುತ್ತಿವೆ. ಎರಡೂ ಸರಿಯಲ್ಲ.

ಒಡ್ಡಿನ ಕಥೆ ಹಳೆಯದು. ಫ್ರಾನ್ಸಿನ ಬ್ರಿಟನಿಯಲ್ಲಿ ರಾನ್ಸ್ ನದಿಯ ಅಳಿವೆಗೆ ಕಟ್ಟಿದ ಕೇಂದ್ರ 1966ರಲ್ಲಿ ಶುರುವಾಯಿತು. 24 ಟರ್ಬೈನ್, ಒಟ್ಟು 240 ಮೆಗಾವಾಟ್. ಇವತ್ತಿಗೂ ಓಡುತ್ತಿದೆ. ಅಲ್ಲಿ ಜಾಸ್ತಿ ಹಾನಿ ಮಾಡಿದ್ದು ಟರ್ಬೈನ್ ಅಲ್ಲ, ಕಟ್ಟಡದ ಕೆಲಸ. ಒಣ ನೆಲದಲ್ಲಿ ಕಟ್ಟಬೇಕು ಅಂತ ಸುಮಾರು ಮೂರು ವರ್ಷ ಅಳಿವೆಯ ಬಾಯಿ ಮುಚ್ಚಿದ್ದರು. ಉಬ್ಬರವಿಳಿತ ನಿಂತಿತು, ಉಪ್ಪಿನಂಶ ಇಳಿಯಿತು, ಹೂಳು ಕೂತಿತು, ಒಳಗಿದ್ದ ಸಮುದ್ರದ ಜೀವಿಗಳು ಬಹುಪಾಲು ನಾಶವಾದವು. ಮತ್ತೆ ಒಂದು ಸಮತೋಲ ಬರಲು ಸುಮಾರು ಹತ್ತು ವರ್ಷ ಬೇಕಾಯಿತು. ಬಂದದ್ದೂ ಹಳೆಯ ಸಮತೋಲ ಅಲ್ಲ. ಸೀ ಬಾಸ್, ಕಟಲ್‌ಫಿಶ್ ಮರಳಿದವು. ಮರಳಿನಲ್ಲಿ ಹುದುಗುವ ಸ್ಯಾಂಡ್ ಈಲ್, ತಳಕ್ಕೆ ಅಂಟಿಕೊಂಡು ಬದುಕುವ ಪ್ಲೇಸ್ ಎಂಬ ಚಪ್ಪಟೆ ಮೀನು ಕಾಣೆಯಾದವು. "ಅಳಿವೆ ಚೇತರಿಸಿಕೊಂಡಿತು" ಅಂತ ಒಂದೇ ಸಾಲಿನಲ್ಲಿ ಬರೆಯುವವರು ಯಾವ ಮೀನು ಚೇತರಿಸಿಕೊಂಡಿತು, ಯಾವುದು ಇಲ್ಲ ಅಂತ ಹೇಳಲೇಬೇಕು.

ಕೆನಡಾದ ನೋವಾ ಸ್ಕೋಷಿಯಾದ ಅನಾಪೊಲಿಸ್ ಕೇಂದ್ರದ್ದು ಇನ್ನೊಂದು ಬಗೆ. 1984ರಲ್ಲಿ ಶುರುವಾದ, ಒಂದೇ ಟರ್ಬೈನಿನ, 20 ಮೆಗಾವಾಟ್‌ನ ಕೇಂದ್ರ. ಆ ನದಿಗೆ ಶ್ಯಾಡ್ ಮೀನು ಮೊಟ್ಟೆ ಇಡಲು ಬರುತ್ತದೆ, ಮುಗಿಸಿ ಸಮುದ್ರಕ್ಕೆ ಮರಳುತ್ತದೆ. ಹಾಗೆ ಮರಳುವಾಗ ಎಷ್ಟೋ ಮೀನು ಟರ್ಬೈನಿನೊಳಗೆ ಹೋಗುತ್ತಿದ್ದವು. ಮೀನಿಗೆಂದೇ ಪಕ್ಕದ ದಾರಿ ಮಾಡಿಕೊಟ್ಟಿದ್ದರು, ಆದರೆ ದೊಡ್ಡ ಪಾಲು ಮೀನು ಆ ದಾರಿ ಹಿಡಿಯಲಿಲ್ಲ. ಯಾಕೆಂದರೆ ಕೆಳಗಿಳಿಯುವ ಮೀನು ಜೋರಾದ ಹರಿವನ್ನೇ ಹಿಂಬಾಲಿಸುತ್ತದೆ, ಜೋರಾದ ಹರಿವು ಇರುವುದು ಟರ್ಬೈನ್ ಕಡೆಗೆ. ಇದನ್ನು ನೆನಪಿಡಿ. ನಾವು ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಮೀನು ಅದರಲ್ಲೇ ಹೋಗಬೇಕೆಂದಿಲ್ಲ. 2019ರಲ್ಲಿ ಯಂತ್ರದ ಒಂದು ಭಾಗ ಕೆಟ್ಟು ಕೇಂದ್ರ ನಿಂತಿತು. ಅದೇ ಹೊತ್ತಿಗೆ ಮೀನುಗಳ ಸಾವಿನ ವಿಚಾರದಲ್ಲಿ ಕೆನಡಾದ ಮೀನುಗಾರಿಕೆ ಇಲಾಖೆಯ ಆಕ್ಷೇಪವೂ ಇತ್ತು. ಆಮೇಲೆ ಅದನ್ನು ಮತ್ತೆ ಓಡಿಸಲೇ ಇಲ್ಲ.

ದಕ್ಷಿಣ ಕೊರಿಯಾದ ಸಿಹ್ವಾದಲ್ಲಿ ಮಾತ್ರ ಲೆಕ್ಕ ತಿರುಗಿ ಬಿತ್ತು. ಅಲ್ಲಿ 1994ರಲ್ಲೇ ಸಮುದ್ರಕ್ಕೆ ಗೋಡೆ ಕಟ್ಟಿ ಕೆರೆ ಮಾಡಿದ್ದರು, ನೀರು ನಿಂತು ಕೊಳೆತಿತ್ತು. 2011ರಲ್ಲಿ ಅದೇ ಗೋಡೆಗೆ 254 ಮೆಗಾವಾಟ್‌ನ ಕೇಂದ್ರ ಸೇರಿಸಿದಾಗ ಸಮುದ್ರದ ನೀರು ಮತ್ತೆ ಒಳಗೆ ಹೊರಗೆ ಓಡಾಡಿತು, ನೀರಿನ ಗುಣಮಟ್ಟ ಸುಧಾರಿಸಿತು. ಹಾಗಂತ ಅದನ್ನು ತೋರಿಸಿ ಚೆನ್ನಾಗಿರುವ ಅಳಿವೆಗೆ ಒಡ್ಡು ಕಟ್ಟುತ್ತೇವೆ ಅಂದರೆ ನಾನು ಒಪ್ಪುವುದಿಲ್ಲ.

ಈಗ ತೆರೆದ ಸೆಳವಿನ ಟರ್ಬೈನ್‌ಗೆ ಬರೋಣ. ಮುಂದಿನ ದಿನಗಳು ಇದರವೇ. ಸ್ಕಾಟ್ಲೆಂಡಿನ ಉತ್ತರ ತುದಿಯ ಪೆಂಟ್‌ಲ್ಯಾಂಡ್ ಫರ್ತ್‌ನಲ್ಲಿ ಮೇಜೆನ್ ಎಂಬ ಯೋಜನೆ ಇದೆ, ಒಂದೂವರೆ ಮೆಗಾವಾಟ್‌ನ ನಾಲ್ಕು ಟರ್ಬೈನ್. ಅದಕ್ಕೂ ಮೊದಲು ಉತ್ತರ ಐರ್ಲೆಂಡಿನ ಸ್ಟ್ರಾಂಗ್‌ಫರ್ಡ್ ಲಾಕ್‌ನಲ್ಲಿ ಸೀಜೆನ್ ಎಂಬ ಟರ್ಬೈನ್ ಯಂತ್ರವನ್ನು 2008ರಲ್ಲಿ ನೀರಿಗಿಳಿಸಿದ್ದರು. ಅದರ ಚಕ್ರ 16 ಮೀಟರ್ ಅಗಲ, ನಿಮಿಷಕ್ಕೆ ಸುಮಾರು 14 ಸುತ್ತು. ಕೇಳಲು ನಿಧಾನ ಅನ್ನಿಸುತ್ತದೆ ಅಲ್ವಾ? ಆದರೆ ಲೆಕ್ಕ ಹಾಕಿ. ಚಕ್ರದ ಸುತ್ತಳತೆ ಸುಮಾರು 50 ಮೀಟರ್. ಹಾಗಾಗಿ ರೆಕ್ಕೆಯ ತುದಿ ಸೆಕೆಂಡಿಗೆ ಹೆಚ್ಚುಕಡಿಮೆ 12 ಮೀಟರ್ ಓಡುತ್ತದೆ. ನಡುಭಾಗದಲ್ಲಿ ವೇಗ ತೀರಾ ಕಡಿಮೆ. ಅಂದರೆ ಒಂದೇ ಚಕ್ರದ ಮೂಲಕ ಹಾದುಹೋಗುವ ಎರಡು ಮೀನುಗಳಿಗೆ ಎದುರಾಗುವ ಅಪಾಯ ಒಂದೇ ಅಲ್ಲ. ಒಡ್ಡಿನೊಳಗಿನ ಟರ್ಬೈನಿನಲ್ಲಿ ಇನ್ನೊಂದು ತೊಂದರೆಯಿದೆ, ಒತ್ತಡ ಒಮ್ಮೆಲೇ ಇಳಿದು ಮೀನಿನ ಗಾಳಿಚೀಲಕ್ಕೆ ಪೆಟ್ಟಾಗುವುದು. ತೆರೆದ ಸೆಳವಿನಲ್ಲಿ ಅದು ಬಹಳ ಕಡಿಮೆ.

ಹಾಗಾದರೆ ಮೀನು ಏನು ಮಾಡುತ್ತದೆ? ಇದನ್ನು ಕಣ್ಣಿಟ್ಟು ನೋಡಿದವರಲ್ಲಿ ಅಮೆರಿಕದ ಮೇನ್ ವಿಶ್ವವಿದ್ಯಾಲಯದ ಹೇಲಿ ವೀಮನ್ ಮತ್ತು ಗೇಲ್ ಝಿಡ್ಲೆವ್‌ಸ್ಕಿ ಮುಖ್ಯರು. ಕಾಬ್‌ಸ್ಕುಕ್ ಕೊಲ್ಲಿಯಲ್ಲಿ ಒಂದು ಟರ್ಬೈನಿನ ಮುಂದೆ ಹಿಂದೆ ಸೋನಾರ್ ಕ್ಯಾಮೆರಾ ಇಟ್ಟರು. ಬೆಳಕು ಬೇಡದ, ಶಬ್ದದಿಂದಲೇ ಚಿತ್ರ ಮೂಡಿಸುವ ಕ್ಯಾಮೆರಾ ಅದು. ಕಂಡದ್ದು ಏನು? ಚಕ್ರ ತಿರುಗುತ್ತಿದ್ದಾಗ ಒಳಗೆ ನುಗ್ಗುವ ಮೀನು ಕಡಿಮೆ, ನಿಂತಿದ್ದಾಗ ಜಾಸ್ತಿ. ಹಗಲಿಗಿಂತ ರಾತ್ರಿ ಒಳಗೆ ಹೋಗುವುದು ಜಾಸ್ತಿ. ಸಣ್ಣ ಮೀನು ಹೆಚ್ಚು ಒಳಗೆ ಹೋಗುತ್ತಿತ್ತು, ದೊಡ್ಡದು ತಪ್ಪಿಸಿಕೊಳ್ಳುತ್ತಿತ್ತು. ಒಂಟಿ ಮೀನಿಗಿಂತ ಹಿಂಡು ಇನ್ನೂ ದೂರದಿಂದಲೇ ಎಚ್ಚೆತ್ತುಕೊಳ್ಳುತ್ತಿತ್ತು.

ಇದರಲ್ಲಿ ರಾತ್ರಿಯ ವಿಷಯವನ್ನೇ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಳ್ಳುತ್ತೇನೆ. ಮೀನಿನ ಮೈಯುದ್ದಕ್ಕೂ ಪಾರ್ಶ್ವರೇಖೆ ಎಂಬ ಇಂದ್ರಿಯ ಇದೆ, ನೀರಿನ ಚಲನೆ ಅದಕ್ಕೆ ಗೊತ್ತಾಗುತ್ತದೆ. ಆದರೆ ಅದು ಹತ್ತಿರಕ್ಕೆ ಮಾತ್ರ, ಮೀನಿನ ಮೈಯಳತೆಯ ಒಂದೆರಡರಷ್ಟು ದೂರಕ್ಕೆ. ದೂರದಿಂದಲೇ ಅಪಾಯ ಗುರುತಿಸಲು ಕಣ್ಣು ಬೇಕು. ಕತ್ತಲಾದರೆ ಕಣ್ಣಿನ ಸಹಾಯ ಇಲ್ಲ, ಎಚ್ಚರವಾಗುವಷ್ಟರಲ್ಲಿ ಸೆಳವು ಮೀನನ್ನು ರೆಕ್ಕೆಯ ಹತ್ತಿರಕ್ಕೆ ತಂದಿರುತ್ತದೆ. ಹಗಲಲ್ಲಿ ತೆಗೆದ ವಿಡಿಯೊ ತೋರಿಸಿ "ನೋಡಿ, ಮೀನು ಎಷ್ಟು ಚೆನ್ನಾಗಿ ತಪ್ಪಿಸಿಕೊಳ್ಳುತ್ತದೆ" ಅನ್ನುವವರಿಗೆ ನಾನು ಕೇಳುವುದು ಒಂದೇ, ರಾತ್ರಿಯದು ಎಲ್ಲಿ?

ಅದೇ ಕೊಲ್ಲಿಯಲ್ಲಿ 2012ರಲ್ಲಿ ದೊಡ್ಡ ಟರ್ಬೈನ್ ಇಳಿಸಿದ ಮೇಲೆ ಇನ್ನೊಂದು ಅಧ್ಯಯನ ನಡೆಯಿತು. ದೋಣಿಯಲ್ಲಿ ಎಕೋಸೌಂಡರ್, ಅಂದರೆ ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ಮೀನು ಪತ್ತೆ ಮಾಡುವ ಉಪಕರಣ, ಇಟ್ಟುಕೊಂಡು ಸೆಳವಿನ ಜೊತೆಗೇ ತೇಲುತ್ತ ಟರ್ಬೈನ್ ಮೇಲೆ ಹಾದುಹೋದರು. ಟರ್ಬೈನ್‌ಗೆ ಸುಮಾರು 140 ಮೀಟರ್ ಇರುವಾಗಲೇ ಅದರ ಮಟ್ಟದಲ್ಲಿದ್ದ ಮೀನುಗಳ ಸಂಖ್ಯೆ ಇಳಿಯತೊಡಗಿತ್ತು. 140 ಮೀಟರ್ ದೂರದಿಂದ ಟರ್ಬೈನ್ ಕಾಣುವುದಿಲ್ಲ. ಶಬ್ದವೇ ಎಚ್ಚರಿಸಿರಬೇಕು ಅನ್ನುವುದು ಸಹಜವಾದ ಊಹೆ. ಇದನ್ನು ಒಳ್ಳೆಯ ಸುದ್ದಿ ಅನ್ನಬಹುದು, ಬಡಿತ ತಪ್ಪುತ್ತದಲ್ಲ. ಆದರೆ ಇನ್ನೊಂದು ಮಗ್ಗುಲೂ ಇದೆ. ಒಂದು ಯಂತ್ರಕ್ಕೆ ಅಷ್ಟು ದೂರದಿಂದ ದಾರಿ ಬದಲಿಸುವ ಮೀನು, ಅಗಲ ಕಿರಿದಾದ ಕಾಲುವೆಯಲ್ಲಿ ಸಾಲುಸಾಲು ಯಂತ್ರ ನಿಂತಾಗ ಎಲ್ಲಿಗೆ ಹೋಗಬೇಕು?

ಸ್ಕಾಟ್ಲೆಂಡಿನ ಓರ್ಕ್ನಿ ದ್ವೀಪಗಳ ಹತ್ತಿರದ ಪರೀಕ್ಷಾ ಕೇಂದ್ರದಲ್ಲಿ ಬೇರೆಯೇ ಚಿತ್ರ ಸಿಕ್ಕಿತು. ಅಲ್ಲಿ ಪೊಲಾಕ್ ಮೀನಿನ ಹಿಂಡುಗಳು ಟರ್ಬೈನಿನ ಸುತ್ತಲೇ ಸೇರುತ್ತಿದ್ದವು. ಸೆಳವು ನಿಧಾನವಾಗಿದ್ದಾಗ ಬರುತ್ತಿದ್ದವು, ಜೋರಾದಂತೆ ಕಡಿಮೆಯಾಗುತ್ತಿದ್ದವು. ಅಲ್ಲೇ ಸೋನಾರ್‌ನಿಂದ ನೋಡಿದ ಇನ್ನೊಂದು ತಂಡಕ್ಕೂ ಟರ್ಬೈನಿನ ಕಂಬ, ತಳಪಾಯ ಇದ್ದ ಕಡೆ ಮೀನಿನ ಹಿಂಡು ಜಾಸ್ತಿ ಕಂಡಿತು. ಕಾರಣ ಸರಳ. ಸೆಳವಿನ ವಿರುದ್ಧ ಈಜುವುದೆಂದರೆ ಮೀನಿಗೆ ಶಕ್ತಿಯ ಖರ್ಚು. ಯಂತ್ರದ ಹಿಂದೆ ನೀರು ಸ್ವಲ್ಪ ನಿಧಾನವಾಗುತ್ತದೆ, ಸುಳಿ ಏಳುತ್ತದೆ, ಆಹಾರ ಸೇರುತ್ತದೆ, ಅಲ್ಲಿ ನಿಂತರೆ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬುತ್ತದೆ. ಸಣ್ಣ ಮೀನು ಸೇರಿದಲ್ಲಿ ಅದನ್ನು ತಿನ್ನುವ ದೊಡ್ಡ ಮೀನು, ಸೀಲ್, ಮುಳುಗುವ ಹಕ್ಕಿಗಳೂ ಬರುತ್ತವೆ. ಹಾಗಾಗಿ ಟರ್ಬೈನ್ ಕೆಲವು ಮೀನನ್ನು ಓಡಿಸುತ್ತದೆ, ಕೆಲವನ್ನು ಕರೆಯುತ್ತದೆ, ಒಂದೇ ಮೀನನ್ನು ಸೆಳವಿನ ವೇಗ ನೋಡಿ ಎರಡೂ ಮಾಡುತ್ತದೆ.

ಮೊಝಾಂಬಿಕ್‌ನಲ್ಲಿ ಹವಳದ ಬಂಡೆಗಳ ಮೀನುಗಳ ನಡುವೆ ಸಣ್ಣ ಟರ್ಬೈನ್ ಇಟ್ಟು ವಿಡಿಯೊ ಮಾಡಿದಾಗಲೂ ಮೀನುಗಳು ತಪ್ಪಿಸಿಕೊಂಡವು, ಬಡಿತ ಕಾಣಲಿಲ್ಲ. ಬೇಟೆಯಾಡುವ ಮೀನುಗಳು ಹೆಚ್ಚು ಅಂತರ ಇಟ್ಟುಕೊಂಡವು, ಬಂಡೆ ಮೇಯುವ ಮೀನುಗಳು ಹತ್ತಿರ ಬಂದವು. ಇತ್ತೀಚೆಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೆಕ್ವಿಮ್ ಕೊಲ್ಲಿಯಲ್ಲಿ ಸಣ್ಣ ಟರ್ಬೈನ್ ಒಂದನ್ನು ನೀರೊಳಗಿನ ಕ್ಯಾಮೆರಾದಿಂದ ತಿಂಗಳುಗಟ್ಟಲೆ ನೋಡಿದರು. ರೆಕ್ಕೆ ಬಡಿದದ್ದು ಬೆರಳೆಣಿಕೆಯಷ್ಟು ಸಣ್ಣ ಮೀನುಗಳಿಗೆ. ಸೀಲ್‌ಗೂ ಹಕ್ಕಿಗೂ ಒಮ್ಮೆಯೂ ಬಡಿಯಲಿಲ್ಲ. ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ತೆರೆದ ಸೆಳವಿನ ಒಂದೊಂದೇ ಟರ್ಬೈನ್ ವಿಷಯದಲ್ಲಿ ಬಡಿತ ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಇಷ್ಟು ನೋಡಿದ ಮೇಲೆ ನನಗೆ ಈ ತಂತ್ರಜ್ಞಾನದ ಬಗ್ಗೆ ಭರವಸೆಯೇ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಭರವಸೆಯ ಜೊತೆಗೆ ನನ್ನ ಚಿಂತೆಯೂ ಇದೆ. ಇಂಥ ಜಾಗಗಳು ಮೀನಿಗೆ ಬರೀ ಜಾಗವಲ್ಲ, ದಾರಿ. ನೀರು ಜೋರಾಗಿ ಹರಿಯುವ ಕಿರಿದಾದ ಕಾಲುವೆಯೇ ಟರ್ಬೈನ್‌ಗೂ ಬೇಕು, ಯಾಕೆಂದರೆ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ಅದೇ ಕಾಲುವೆಯೇ ಮೀನಿನ ಹೆದ್ದಾರಿ. ಎಷ್ಟೋ ಮೀನುಗಳು ಉಬ್ಬರವಿಳಿತವನ್ನು ಬಳಸಿಕೊಂಡೇ ದೂರ ಪ್ರಯಾಣ ಮಾಡುತ್ತವೆ. ಉತ್ತರ ಸಮುದ್ರದ ಪ್ಲೇಸ್ ಮೀನನ್ನು 1970ರ ದಶಕದಲ್ಲೇ ಹೀಗೆ ಹಿಂಬಾಲಿಸಿ ನೋಡಿದ್ದಾರೆ. ತಮ್ಮ ಊರಿನ ದಿಕ್ಕಿಗೆ ಹೋಗುವ ಬಸ್ಸು ಬಂದಾಗ ಹತ್ತಿ, ಅದು ತಿರುಗಿ ಹೊರಟಾಗ ಇಳಿದು ನಿಲ್ದಾಣದಲ್ಲಿ ಕೂರುವ ಹಾಗೆ, ಸೆಳವು ತಮಗೆ ಬೇಕಾದ ಕಡೆ ಹರಿಯುವಾಗ ತಳ ಬಿಟ್ಟು ಮೇಲೇಳುತ್ತವೆ, ತಿರುಗಿದಾಗ ತಳಕ್ಕೆ ಇಳಿದು ಕೂರುತ್ತವೆ. ಸಮುದ್ರದಿಂದ ನದಿಗೆ ಬರುವ ಗಾಜಿನಂಥ ಈಲ್ ಮರಿಗಳೂ ಇದನ್ನೇ ಮಾಡುತ್ತವೆ. ಈಗ ಯೋಚಿಸಿ. ಮೀನು ಮೇಲೇಳುವುದು ಸೆಳವು ಜೋರಾಗಿದ್ದಾಗ. ಟರ್ಬೈನ್ ತಿರುಗುವುದೂ ಆಗಲೇ. ಮೀನು ಏರುವ ಎತ್ತರ ಮತ್ತು ರೆಕ್ಕೆ ಸುತ್ತುವ ಎತ್ತರ ಒಂದೇ ಆಗಿದ್ದರೆ ಅಪಾಯ, ಬೇರೆಯಾಗಿದ್ದರೆ ಚಿಂತೆಯಿಲ್ಲ. ಹಾಗಾಗಿ "ಈ ಕಾಲುವೆಯಲ್ಲಿ ಇಂಥ ಮೀನು ಇದೆ" ಅನ್ನುವುದಷ್ಟೇ ಸಾಕಾಗುವುದಿಲ್ಲ. ಯಾವ ಹೊತ್ತಿನಲ್ಲಿ ಎಷ್ಟು ಆಳದಲ್ಲಿ ಇದೆ ಅನ್ನುವುದು ಗೊತ್ತಾಗಬೇಕು.

ಇದಕ್ಕೆಲ್ಲ ಕಠಿಣ ಪರೀಕ್ಷೆಯ ಜಾಗ ಅಂದರೆ ಕೆನಡಾದ ಫಂಡಿ ಕೊಲ್ಲಿಯ ಮೈನಸ್ ಕಾಲುವೆ. ಆ ಕೊಲ್ಲಿಯ ಕೆಲವು ಕಡೆ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ 16 ಮೀಟರ್‌ವರೆಗೂ ವ್ಯತ್ಯಾಸ ಇರುತ್ತದೆ. 2009ರಲ್ಲಿ ಈ ಕಾಲುವೆಗೆ ಇಳಿಸಿದ ಟರ್ಬೈನಿನ ರೆಕ್ಕೆಗಳನ್ನು ಸೆಳವು ಕೆಲವೇ ವಾರಗಳಲ್ಲಿ ಮುರಿದುಹಾಕಿತು. ಅದೇ ಕಾಲುವೆಯಲ್ಲಿ ಸ್ಟರ್ಜನ್, ಶ್ಯಾಡ್, ಸ್ಟ್ರೈಪ್ಡ್ ಬಾಸ್, ಅಳಿವಿನ ಅಂಚಿನಲ್ಲಿರುವ ಸಾಲ್ಮನ್ ಎಲ್ಲ ಓಡಾಡುತ್ತವೆ. ಮೀನಿನ ಮೈಗೆ ಶಬ್ದ ಕಳಿಸುವ ಸಣ್ಣ ಟ್ಯಾಗ್ ಹಾಕಿ, ತಳದಲ್ಲಿ ಕೇಳುವ ಉಪಕರಣ ಇಟ್ಟು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಟ್ರೈಪ್ಡ್ ಬಾಸ್‌ನ ವಿಷಯ. ಅವುಗಳಲ್ಲಿ ಕೆಲವು ಚಳಿಗಾಲದಲ್ಲೂ ಆ ಕಾಲುವೆಯಲ್ಲೇ ಇರುತ್ತವೆ. ನೀರು ಮಂಜಿನಷ್ಟು ತಣ್ಣಗಾದಾಗ ಮೀನಿನ ಮೈ ಜಡವಾಗುತ್ತದೆ, ಚುರುಕಾಗಿ ಈಜಲು ಆಗುವುದಿಲ್ಲ. ಬೇಸಿಗೆಯಲ್ಲಿ ಟರ್ಬೈನ್ ಕಂಡು ಪಕ್ಕಕ್ಕೆ ಹಾರುವ ಮೀನು ಚಳಿಗಾಲದಲ್ಲಿ ಹಾಗೆ ಮಾಡೀತು ಅಂತ ನಂಬಿ ಕೂರುವುದು ಹೇಗೆ? ಬೇಸಿಗೆಯ ಅಧ್ಯಯನ ಮಾಡಿ ವರ್ಷಪೂರ್ತಿ ಅನುಮತಿ ಕೊಡುವುದು ತಪ್ಪು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನು ನೋಡುವುದೇ ಎಷ್ಟು ಕಷ್ಟ ಅನ್ನುವುದನ್ನೂ ಹೇಳಬೇಕು. ಇಂಥ ಕಡೆ ನೀರು ಕದಡಿರುತ್ತದೆ, ವಿಡಿಯೊಗೆ ಕೆಲವು ಮೀಟರ್ ಆಚೆ ಏನೂ ಕಾಣುವುದಿಲ್ಲ. ರಾತ್ರಿ ದೀಪ ಹಾಕಿದರೆ ಮೀನಿನ ವರ್ತನೆಯೇ ಬದಲಾಗಬಹುದು. ಸೋನಾರ್‌ಗೆ ಕತ್ತಲು, ಕದಡು ಅಡ್ಡಿಯಲ್ಲ, ಆದರೆ ಸೆಳವು ಜೋರಾದಾಗ ನೀರಿನಲ್ಲಿ ಸೇರುವ ಗಾಳಿಗುಳ್ಳೆಗಳು ಮೀನಿನ ಚಿತ್ರವನ್ನೇ ಮರೆಮಾಡುತ್ತವೆ. ಅಂದರೆ ನಮಗೆ ಹೆಚ್ಚು ಬೇಕಾದ ಹೊತ್ತಿನಲ್ಲೇ ಕಡಿಮೆ ಕಾಣುತ್ತದೆ. ಇನ್ನೂ ಒಂದು ವಿಚಿತ್ರ ಇದೆ. ಭೂತಾಯಿ, ಹೆರಿಂಗ್ ಬಳಗಕ್ಕೆ ಸೇರಿದ ಅಮೆರಿಕನ್ ಶ್ಯಾಡ್‌ಗೆ ಅಲ್ಟ್ರಾಸೌಂಡ್ ಕೇಳುತ್ತದೆ, 180 ಕಿಲೋಹರ್ಟ್ಸ್‌ವರೆಗೂ. ನಮಗೆ ಕೇಳುವುದು 20ರವರೆಗೆ. ಮೀನು ಎಣಿಸಲು ಬಳಸುವ ಕೆಲವು ಎಕೋಸೌಂಡರ್‌ಗಳು 120 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತವೆ. ಹಾಗಾದರೆ ಶ್ಯಾಡ್ ದೂರ ಸರಿದಾಗ ಅದು ಟರ್ಬೈನ್‌ಗೆ ಹೆದರಿತೋ, ನೋಡಲು ಇಟ್ಟ ಉಪಕರಣಕ್ಕೋ? ಉಪಕರಣ ಆರಿಸುವ ಮೊದಲೇ ಆ ಕಾಲುವೆಯ ಮೀನಿನ ಕಿವಿ ಎಂಥದ್ದು ಅಂತ ತಿಳಿದಿರಬೇಕು.

ಶಬ್ದ ಮತ್ತು ಕೇಬಲ್ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಈಗಿನ ತಿಳಿವಳಿಕೆಯಲ್ಲಿ ಇವು ಅಷ್ಟು ದೊಡ್ಡ ಅಪಾಯವಾಗಿ ಕಾಣುತ್ತಿಲ್ಲ. ಟರ್ಬೈನಿನ ಶಬ್ದವನ್ನು ಸಾಲ್ಮನ್ ಮರಿಗಳಿಗೆ ಪ್ರಯೋಗಾಲಯದಲ್ಲಿ ಇಡೀ ದಿನ ಕೇಳಿಸಿದಾಗ ಮೈಗೆ ಆದ ಗಾಯ ಅಲ್ಪವೇ. ವಿದ್ಯುತ್ ಕೇಬಲ್ ಸುತ್ತ ಕಾಂತಕ್ಷೇತ್ರ ಇರುತ್ತದೆ. ಬಾಲ್ಟಿಕ್ ಸಮುದ್ರದಲ್ಲಿ ಅಂಥ ಕೇಬಲ್ ದಾಟುವಾಗ ಈಲ್ ಮೀನುಗಳು ಸ್ವಲ್ಪ ನಿಧಾನವಾದದ್ದು ದಾಖಲಾಗಿದೆ. ನಿಧಾನವಾದವು, ಆದರೂ ದಾಟಿದವು.

ಹಿಂದೆ ಒಂದು ಸಭೆಯಲ್ಲಿ ಇದೇ ವಿಷಯ ಮಾತಾಡಿದಾಗ ಒಬ್ಬರು ಕೇಳಿದರು: ಮೇಜೆನ್‌ನಲ್ಲಿ ನಾಲ್ಕು ಟರ್ಬೈನ್‌ನಿಂದ ದೊಡ್ಡ ತೊಂದರೆ ಕಾಣಲಿಲ್ಲ ಅಂದಮೇಲೆ ನಾನೂರು ಹಾಕಲು ಯಾಕೆ ಹೆದರಬೇಕು? ಇದಕ್ಕೆ ನೇರವಾಗಿಯೇ ಉತ್ತರಿಸಿದೆ. ನಾಲ್ಕರ ಫಲಿತಾಂಶವನ್ನು ನೂರರಿಂದ ಗುಣಿಸಿದರೆ ನಾನೂರರ ಫಲಿತಾಂಶ ಸಿಗುವುದಿಲ್ಲ. ಒಂದು ಯಂತ್ರವನ್ನು ತಪ್ಪಿಸಿಕೊಂಡ ಮೀನು ಪಕ್ಕದ ಯಂತ್ರದ ದಾರಿಗೇ ಬೀಳಬಹುದು. ಒಂದೊಂದು ತಿರುವಿಗೂ ಶಕ್ತಿ ಖರ್ಚಾಗುತ್ತದೆ, ಮೊಟ್ಟೆ ಇಡಲು ಹೊರಟ ಮೀನಿಗೆ ಆ ಖರ್ಚು ಹಗುರವಲ್ಲ. ಹಿಂಡು ಚದುರಿದರೆ ಬೇಟೆಗಾರರಿಗೆ ಸುಲಭದ ತುತ್ತು. ಜೊತೆಗೆ ತುಂಬಾ ಟರ್ಬೈನ್‌ಗಳು ಸೇರಿ ಸೆಳವಿನಿಂದ ಶಕ್ತಿ ಹೀರಿದಾಗ ಸೆಳವೇ ಬದಲಾಗುತ್ತದೆ. ಹೂಳು ಬೇರೆ ಕಡೆ ಕೂರುತ್ತದೆ, ಆಹಾರ ಬೇರೆ ಕಡೆ ಸೇರುತ್ತದೆ. ಹಾಗಂತ ನಾಲ್ಕರಲ್ಲೇ ನಿಂತುಬಿಡಿ ಅನ್ನುತ್ತಿಲ್ಲ. ನಾಲ್ಕು, ಆಮೇಲೆ ಹತ್ತು, ಆಮೇಲೆ ಮೂವತ್ತು ಅಂತ ಹೋಗಿ. ಪ್ರತಿ ಹಂತದಲ್ಲೂ ರಾತ್ರಿ, ಚಳಿಗಾಲ, ವಲಸೆಯ ತಿಂಗಳು ಮೂರನ್ನೂ ನೋಡಿ. ನೋಡಿದ್ದನ್ನು ಎಲ್ಲರಿಗೂ ಸಿಗುವಂತೆ ಇಡಿ.

ಅನುಮತಿ ಕೊಡುವವರಿಗೂ ಒಂದು ಮಾತು. ಬಡಿತ ಆಗುವುದೇ ಇಲ್ಲ ಅಂತ ಮೊದಲೇ ಸಾಬೀತು ಮಾಡಿ ಅಂದರೆ ಯಾರಿಗೂ ಆಗುವುದಿಲ್ಲ, ಯಂತ್ರ ನೀರಿಗೆ ಇಳಿಯದೆ ಮೀನಿನ ವರ್ತನೆ ತಿಳಿಯುವುದಿಲ್ಲವಲ್ಲ. 2023ರಲ್ಲಿ ಸಸ್ಟೇನಬಲ್ ಮರೀನ್ ಎಂಬ ಕಂಪನಿ ಫಂಡಿ ಕೊಲ್ಲಿಯ ತೇಲುವ ಟರ್ಬೈನ್ ಯೋಜನೆಯನ್ನು ಕೈಬಿಟ್ಟಿತು. ಮೀನುಗಾರಿಕೆ ಇಲಾಖೆಯ ಅನುಮತಿ ಸಿಗುತ್ತಿಲ್ಲ ಅನ್ನುವುದೇ ಅವರು ಕೊಟ್ಟ ಕಾರಣ. ಇಲಾಖೆಯ ಎಚ್ಚರ ನನಗೆ ಅರ್ಥವಾಗುತ್ತದೆ, ಪಕ್ಕದ ಅನಾಪೊಲಿಸ್‌ನ ನೆನಪು ಇನ್ನೂ ಹಸಿಯಾಗಿತ್ತು. ಆದರೆ ಒಡ್ಡಿನ ಪಾಠವನ್ನು ತೇಲುವ ಟರ್ಬೈನ್‌ಗೆ ಹಾಗೇ ಹಚ್ಚಿದರೆ ಕಲಿಯುವ ಅವಕಾಶವೂ ಹೋಗುತ್ತದೆ.

ಆ ಸಭೆಯ ಕೊನೆಯಲ್ಲಿ ಬಂದ ಪ್ರಶ್ನೆ ಚೆನ್ನಾಗಿತ್ತು: ಮೀನು ಬಂದಾಗ ಟರ್ಬೈನ್ ನಿಲ್ಲಿಸಿದರೆ ಆಯಿತಲ್ವಾ? ಸೀಜೆನ್‌ನಲ್ಲಿ ಸೀಲ್‌ಗಳಿಗಾಗಿ ಇದನ್ನೇ ಮಾಡಿದ್ದರು. ಸೋನಾರ್‌ನಲ್ಲಿ ಸೀಲ್ ಹತ್ತಿರ ಬಂದದ್ದು ಕಂಡರೆ ಯಂತ್ರ ನಿಲ್ಲುತ್ತಿತ್ತು. ಸೀಲ್ ದೊಡ್ಡದು, ಒಂದೊಂದಾಗಿ ಬರುತ್ತದೆ. ಸಾವಿರಾರು ಸಣ್ಣ ಮೀನಿಗೆ ಹೀಗೆ ನಿಲ್ಲಿಸುತ್ತ ಹೋದರೆ ಯಂತ್ರ ಓಡುವುದೇ ಇಲ್ಲ. ಆದರೆ ತಿಂಗಳು, ಹೊತ್ತು ನೋಡಿ ನಿಲ್ಲಿಸಬಹುದು. ಶ್ಯಾಡ್ ಅಥವಾ ಸಾಲ್ಮನ್ ಮರಿಗಳು ಸಮುದ್ರಕ್ಕೆ ಇಳಿಯುವ ಕಾಲ ವರ್ಷದಲ್ಲಿ ಕೆಲವೇ ವಾರ, ಅದರಲ್ಲೂ ರಾತ್ರಿಯ ಇಳಿತ ಮುಖ್ಯ ಅಂತ ಆ ಕಾಲುವೆಯ ಟ್ಯಾಗ್‌ಗಳು ತೋರಿಸಿದರೆ ಆ ಹೊತ್ತುಗಳಲ್ಲಿ ಮಾತ್ರ ರೆಕ್ಕೆ ತಡೆದರೆ ಸಾಕು. ಉಬ್ಬರವಿಳಿತದ ವೇಳೆ ವರ್ಷಗಳ ಮೊದಲೇ ಲೆಕ್ಕಕ್ಕೆ ಸಿಗುವುದರಿಂದ ಯಾವ ರಾತ್ರಿ ಎಷ್ಟು ಕರೆಂಟ್ ಕಡಿಮೆಯಾಗುತ್ತದೆ ಅನ್ನುವುದನ್ನೂ ಮೊದಲೇ ಲೆಕ್ಕ ಹಾಕಬಹುದು. ಗಾಳಿ, ಬಿಸಿಲಿನ ವಿದ್ಯುತ್ತಿಗೆ ಈ ಅನುಕೂಲ ಇಲ್ಲ. ಅದಕ್ಕೇ ಈ ನಿಲುಗಡೆಯ ವೇಳಾಪಟ್ಟಿಯನ್ನು ಯಂತ್ರ ಇಳಿಸುವ ಮೊದಲೇ, ಒಪ್ಪಂದದ ಕಾಗದದಲ್ಲೇ ಬರೆಸಬೇಕು ಅಂತ ಪ್ರಶ್ನೆ ಕೇಳಿದವರಿಗೆ ಹೇಳಿದೆ.